ಜನರ ನಂಬಿಕೆಯ ಮೇಲೆ ಸರ್ಕಾರದ ಹಿಡಿತ

ಜನ ಏನನ್ನು ನಂಬಬೇಕೆಂದು ತಾನೇ ತೀರ್ಮಾನಿಸಹೊರಟ ಸರ್ಕಾರ ಮೊದಲು ಅವರು ಒಂದೆಡೆ ಸೇರುವುದನ್ನು ತಡೆಯುತ್ತದೆ. ಒಬ್ಬನೇ ಇರುವವನ ಅನುಮಾನ ಅವನ ಮನಸ್ಸಿನಲ್ಲೇ ಉಳಿಯುತ್ತದೆ. ಪಕ್ಕದವನಿಗೂ ಅದೇ ಅನುಮಾನವಿದೆಯೆಂದು ತಿಳಿದಾಗ ಅದಕ್ಕೆ ಬಲ ಬರುತ್ತದೆ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ್ದು, ನಿಷೇಧಾಜ್ಞೆ ಮೀರಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ. ಅವರ ಕೈಯಲ್ಲಿದ್ದದ್ದು ಕಾಂಗ್ರೆಸ್ ಬಾವುಟ.

ಸಂಸ್ಥಾನದ ಆಡಳಿತವನ್ನು ಪೂರ್ಣ ಸರ್ವಾಧಿಕಾರ ಎನ್ನಲಾಗದು. ಪ್ರಜಾಪ್ರತಿನಿಧಿ ಸಭೆಯಿತ್ತು, ವಿರೋಧಿಸುವ ಪಕ್ಷವೂ ಇತ್ತು. ಆದರೂ ಸರ್ವಾಧಿಕಾರಿಗಳು ಮೊದಲು ಕೈಗೆತ್ತಿಕೊಳ್ಳುವ ಅಸ್ತ್ರಗಳು ಅದರ ಬಳಿ ಇದ್ದವು. 1908ರ ಪತ್ರಿಕಾ ಕಾನೂನಿನಂತೆ ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸುವಂತಿರಲಿಲ್ಲ. ಅದನ್ನು ಪ್ರತಿಭಟಿಸಿ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ವಿದುರಾಶ್ವತ್ಥದ ಗೋಲಿಬಾರಿನಲ್ಲಿ ಸತ್ತವರ ಲೆಕ್ಕವೂ ಎರಡಾಯಿತು: ಸರ್ಕಾರ 10 ಎಂದಿತು, ಕಾಂಗ್ರೆಸ್ 32 ಎಂದಿತು.

ಆದರೆ ಸುದ್ದಿಯನ್ನು ಮುಚ್ಚಿಡಲಾಗಲಿಲ್ಲ. ವಿದುರಾಶ್ವತ್ಥಕ್ಕೆ ಹತ್ತಿರದ ಹಿಂದೂಪುರ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಅಲ್ಲಿ ರಾಜಾಜಿಯವರ ಕಾಂಗ್ರೆಸ್ ಸರ್ಕಾರವಿತ್ತು. ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಜ್ಞೆ ಗಡಿಯಾಚೆ ನಡೆಯುವಂತಿರಲಿಲ್ಲ. ವಲ್ಲಭಭಾಯಿ ಪಟೇಲ್ ಮತ್ತು ಕೃಪಲಾನಿ ಬಂದು ಮಾತುಕತೆ ನಡೆಸಿದರು. ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ ಧ್ವಜ ಹಾರಿಸಲು ಒಪ್ಪಿಗೆ ಸಿಕ್ಕಿತು.

ಪೂರ್ಣ ಸರ್ವಾಧಿಕಾರ ಮುಚ್ಚುವುದು ಈ ಹೊರಗಿನ ದಾರಿಯನ್ನೇ. ಹಿಟ್ಲರನ ಜರ್ಮನಿಯಲ್ಲಿ 1933ರಲ್ಲಿ ಗೋಬೆಲ್ಸ್‌ನ ಪ್ರಚಾರ ಸಚಿವಾಲಯ ಹುಟ್ಟಿತು. ಅದೇ ವರ್ಷ ಅಗ್ಗದ ರೇಡಿಯೋ ಮಾರುಕಟ್ಟೆಗೆ ಬಂದು ನಾಯಕನ ಭಾಷಣ ಮನೆಮನೆಯೊಳಗೆ ನುಗ್ಗಿತು. 1939ರಲ್ಲಿ ಯುದ್ಧ ಶುರುವಾದಾಗ ವಿದೇಶಿ ಬಾನುಲಿ ಕೇಳುವುದೇ ಅಪರಾಧವಾಯಿತು. ಮಕ್ಕಳನ್ನು ಹಿಟ್ಲರ್ ಯುವದಳಕ್ಕೆ ಸೇರಿಸಿಕೊಂಡರು. ಸ್ಟಾಲಿನ್ ಕಾಲದ ರಷ್ಯಾದಲ್ಲಿ ಕೊಲ್ಲಲ್ಪಟ್ಟ ನಾಯಕರು ಹಳೆಯ ಫೋಟೋಗಳಿಂದಲೂ ಮಾಯವಾದರು. ಇದಕ್ಕೆಲ್ಲ ಕಾವಲಾಗಿದ್ದದ್ದು ಭಯ. ನೆರೆಯವನು ದೂರು ಕೊಟ್ಟಾನೆಂಬ ಅಂಜಿಕೆಯಿದ್ದಲ್ಲಿ, ನಂಬದವನೂ ನಂಬಿದವನಂತೆ ಜೈಕಾರ ಹಾಕುತ್ತಾನೆ. ಎಲ್ಲರೂ ಹಾಗೆ ಕೂಗಿದಾಗ ಯಾರು ನಿಜಕ್ಕೂ ನಂಬಿದ್ದಾರೆಂಬುದು ಆಳುವವನಿಗೂ ತಿಳಿಯದು.

ಸ್ವತಂತ್ರ ಭಾರತವೂ 1975ರ ತುರ್ತುಪರಿಸ್ಥಿತಿಯಲ್ಲಿ ಅಂಥ ಅಸ್ತ್ರಗಳನ್ನು ಕಂಡಿತು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು, ನಾಲ್ಕು ಸುದ್ದಿಸಂಸ್ಥೆಗಳನ್ನು ಸೇರಿಸಿ ‘ಸಮಾಚಾರ್’ ಮಾಡಲಾಯಿತು, ಆಕಾಶವಾಣಿ ಮೊದಲಿನಿಂದಲೂ ಸರ್ಕಾರದ್ದೇ ಆಗಿತ್ತು. ಆದರೂ ಉತ್ತರದ ಊರುಗಳಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆಯ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತು. 1977ರ ಮಾರ್ಚ್ ಚುನಾವಣೆಯಲ್ಲಿ ಅಲ್ಲಿ ಕಾಂಗ್ರೆಸ್ ನೆಲಕಚ್ಚಿತು. ಆ ಅನುಭವ ಅಷ್ಟಾಗಿ ತಟ್ಟದ ಕರ್ನಾಟಕದಲ್ಲಿ ಅದೇ ಪಕ್ಷ 28 ಸ್ಥಾನಗಳಲ್ಲಿ 26 ಗೆದ್ದಿತು.