ಟ್ಯಾಂಕು ಬದಲಾಯಿಸುವ ಮುನ್ನ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯ ನಡುವೆ ಬರುವ ಅವರ ಜಯಂತಿಗೆಂದು ನಾನಾ ತಾಂಡಾಗಳ ಬಂಜಾರ ಜನರು ಇಲ್ಲಿ ನೆರೆಯುತ್ತಾರೆ. ಮಾಲೆ ಧರಿಸಿ ನಡೆದು ಬರುವವರುಂಟು. ಮೋಟಾರು ಸೈಕಲ್ಲೇರಿ ಬರುವವರೂ ಉಂಟು. ಅಂಥ ಜಾತ್ರೆಯಲ್ಲಿ ಹಳೆಯ ಬೈಕಿನ ಪಕ್ಕದಲ್ಲಿ ಹೊಸದು ನಿಂತಾಗ, ಎರಡರ ಪೆಟ್ರೋಲ್ ಟ್ಯಾಂಕುಗಳಿಗೂ ಹೊರನೋಟಕ್ಕೆ ಭೇದವೇ ಕಾಣದಿರಬಹುದು. ತುಕ್ಕು ತಿಂದ ಟ್ಯಾಂಕನ್ನು ಎಸೆದು, ಗುಜರಿ ಅಂಗಡಿಯಲ್ಲಿ ಅಗ್ಗಕ್ಕೆ ದೊರೆತ ಇನ್ನೊಂದನ್ನು ಕೂರಿಸುವ ಆಸೆ ಹುಟ್ಟುವುದು ಇಲ್ಲಿಯೇ.

ಕಾರ್ಬ್ಯುರೇಟರ್ ಇರುವ ಬೈಕಿನಲ್ಲಿ ಟ್ಯಾಂಕೆಂದರೆ ಬರಿಯ ಕೊಡ. ತಳದಲ್ಲಿರುವ ಕಾಕನ್ನು ತಿರುಗಿಸಿದರೆ ಪೆಟ್ರೋಲು ತನ್ನ ಭಾರದಿಂದಲೇ ಇಳಿದು ಕಾರ್ಬ್ಯುರೇಟರಿನ ಬಟ್ಟಲನ್ನು ಸೇರುವುದು. ಬಟ್ಟಲು ತುಂಬಿದೊಡನೆ ಅದರೊಳಗಿನ ತೇಲುಗುಂಡು ಮೇಲೆದ್ದು, ಸೂಜಿಯಂಥ ಚಿಕ್ಕ ಕವಾಟವನ್ನು ಒತ್ತಿ ಹರಿವನ್ನು ತಡೆಯುವುದು. ಇಂಜೆಕ್ಷನ್ ಬೈಕಿನ ಟ್ಯಾಂಕಾದರೋ ಯಂತ್ರದ ಒಂದು ಅಂಗವೇ ಆಗಿದೆ. ಅದರ ತಳದಲ್ಲಿ ಅಂಗೈಯಗಲದ ರಂಧ್ರ. ಅದರೊಳಗೆ ವಿದ್ಯುತ್ ಪಂಪು, ಶೋಧಕ, ಒತ್ತಡವನ್ನು ಹದದಲ್ಲಿಡುವ ಕವಾಟ. ಪಂಪು ಪೆಟ್ರೋಲಿನಲ್ಲಿ ಮುಳುಗಿದ್ದೇ ತಂಪಾಗಿರುವುದು. ಟ್ಯಾಂಕನ್ನು ಪದೇ ಪದೇ ಬರಿದು ಮಾಡಿ ಓಡಿಸಿದರೆ ಅದು ಬೇಗ ಕೆಡುವುದಕ್ಕೆ ಕಾರಣವಿದೇ.

ಒಂದಡಿ ಎತ್ತರದಿಂದ ಇಳಿಯುವ ಪೆಟ್ರೋಲಿನ ಒತ್ತಡವು ವಾಯುಮಂಡಲದ ಒತ್ತಡದ ನಲವತ್ತರಲ್ಲಿ ಒಂದು ಪಾಲನ್ನೂ ಮುಟ್ಟದು. ಇಂಜೆಕ್ಟರಿಗೆ ಬೇಕಾದದ್ದು ಸಾಮಾನ್ಯವಾಗಿ ವಾಯುಮಂಡಲದ ಎರಡೂವರೆ ಮೂರು ಪಟ್ಟು. ಆದ್ದರಿಂದ ಹಳೆಯ ಟ್ಯಾಂಕನ್ನು ಹೊಸ ಬೈಕಿಗೆ ಕೂರಿಸಿದರೆ ಎಂಜಿನ್ನು ಹೊತ್ತಿಕೊಳ್ಳದು. ಹೊರಗೆ ಬೇರೆ ಪಂಪನ್ನೂ, ಅಷ್ಟು ಒತ್ತಡವನ್ನು ತಾಳುವ ಕೊಳವೆಯನ್ನೂ ಜೋಡಿಸಬೇಕು. ಒಳಗಿನ ತುಕ್ಕಿನ ಪುಡಿ ಕಾರ್ಬ್ಯುರೇಟರಿಗೆ ಹೊಕ್ಕರೆ ಮೇಸ್ತ್ರಿ ಬಿಚ್ಚಿ ಊದಿ ಕೊಟ್ಟಾನು. ಇಂಜೆಕ್ಟರಿನ ಕೂದಲೆಳೆಯ ರಂಧ್ರಗಳಿಗೆ ಹೊಕ್ಕರೆ ಊದಿದರೆ ಸಾಲದು.

ಹೊಸ ಟ್ಯಾಂಕನ್ನು ಹಳೆಯ ಬೈಕಿಗೆ ಕೂರಿಸುವುದು ಸುಲಭವೆಂದು ತೋರುವುದು. ಪಂಪನ್ನು ತೆಗೆದು, ರಂಧ್ರಕ್ಕೆ ತಗಡು ಮುಚ್ಚಿ, ಕಾಕನ್ನು ಹಾಕಿದರಾಯಿತಲ್ಲ! ಪಂಪನ್ನು ತೆಗೆಯದೆ ಹಾಗೆಯೇ ಓಡಿಸಿದರೆ ಆ ಸೂಜಿ ಕವಾಟ ಒತ್ತಡಕ್ಕೆ ನಿಲ್ಲದೆ ಪೆಟ್ರೋಲು ಉಕ್ಕಿ ಬಿಸಿ ಎಂಜಿನ್ನಿನ ಮೇಲೆ ಸುರಿದೀತು. ತೆಗೆದರೂ ಆ ತಗಡು ಸವಾರನ ಎರಡು ಮೊಣಕಾಲುಗಳ ನಡುವೆಯೇ ಇರುವುದು. ಪೆಟ್ರೋಲಿಗೆ ಕರಗದ ವಾಷರು ಇಲ್ಲದಿದ್ದರೆ ಅದು ಇಂದಲ್ಲ ನಾಳೆ ಒಸರುವುದು.

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ಉಳ್ಳವರಿಗೆ ಈ ತೊಡಕು ಚೆನ್ನಾಗಿ ಗೊತ್ತು. 2009ರಲ್ಲಿ ಬಂದ ಅದರ 500 ಇಂಜೆಕ್ಷನ್ನಿನದು. 350 ಮಾತ್ರ 2020ರವರೆಗೆ ಕಾರ್ಬ್ಯುರೇಟರನ್ನೇ ನೆಚ್ಚಿತ್ತು. ರೂಪದಲ್ಲಿ ಎರಡೂ ಅಣ್ಣತಮ್ಮಂದಿರು. 2020ರ ಏಪ್ರಿಲ್ 1ರಂದು ಬಿ.ಎಸ್. 6 ನಿಯಮ ಜಾರಿಗೆ ಬಂದಾಗ ಹಳ್ಳಿಗಳ ಒಡನಾಡಿಯಾದ ಸ್ಪ್ಲೆಂಡರಿಗೂ ಇಂಜೆಕ್ಷನ್ ಬಂದಿತು. ಇನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಹಳೆಯ ಜಾವಾಗಳು ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿಕೊಂಡು ಓಡಿದವು. 2018ರಲ್ಲಿ ಮರಳಿ ಬಂದ ಜಾವಾಕ್ಕೆ ಹೆಸರು ಹಳೆಯದು, ಏರ್ಪಾಟು ಇಂಜೆಕ್ಷನ್ನಿನದು.

ಎಲ್ಲಕ್ಕಿಂತ ಭಯಂಕರವಾದದ್ದು ಬೆಸುಗೆಯ ಕೆಲಸ. ಟ್ಯಾಂಕು ಬರಿದಾಗಿದೆ, ಇನ್ನೇನು ಭಯವೆಂದು ಕೆಲವರು ಕಿಡಿ ತಾಗಿಸುತ್ತಾರೆ. ತುಂಬಿದ ಟ್ಯಾಂಕಿಗಿಂತ ಬರಿದಾದದ್ದೇ ಘೋರ. ಗಾಳಿಯಲ್ಲಿ ನೂರಕ್ಕೆ ಒಂದೂವರೆಯಿಂದ ಏಳರಷ್ಟು ಪೆಟ್ರೋಲಿನ ಆವಿ ಬೆರೆತರೆ ಸಾಕು, ಟ್ಯಾಂಕು ಸಿಡಿಗುಂಡಾಗುವುದು. ಅಂಚುಗಳ ಸಂದಿನಲ್ಲಿ ಉಳಿದ ನಾಲ್ಕು ಹನಿಗಳು ಅಷ್ಟು ಆವಿಯನ್ನು ಕೊಡಬಲ್ಲವು. ಬಲ್ಲ ಮೇಸ್ತ್ರಿ ಟ್ಯಾಂಕನ್ನು ಹಲವು ಸಲ ತೊಳೆದು, ಬೆಸೆಯುವ ಜಾಗವೊಂದನ್ನು ಬಿಟ್ಟು ಉಳಿದೆಡೆಗೆಲ್ಲ ನೀರು ತುಂಬಿಸಿ, ಆ ಬಳಿಕವೇ ದೀಪ ಹೊತ್ತಿಸುವನು.