ಗಣಕದ ಹೊಸ ಆವೃತ್ತಿಯೂ ನಮ್ಮ ಜೇಬೂ

ತಟ್ಟೆ ಇಡ್ಲಿಗೆ ಹೆಸರಾದ ನಮ್ಮ ಕ್ಯಾತ್ಸಂದ್ರವನ್ನು ಬಲ್ಲವರು ಅಲ್ಲಿನ ಜೆರಾಕ್ಸ್ ಅಂಗಡಿಗಳನ್ನೂ ಬಲ್ಲರು. ವಿದ್ಯಾರ್ಥಿವೇತನದ ಅರ್ಜಿ, ಪಹಣಿಯ ಪ್ರತಿ, ಪರೀಕ್ಷೆಯ ಪ್ರವೇಶಪತ್ರ, ಮದುವೆಯ ಕರೆಯೋಲೆ ಇವೆಲ್ಲವೂ ಕಾಗದದ ಮೇಲೆ ಇಳಿಯುವುದು ಅಂಥ ಅಂಗಡಿಗಳಲ್ಲಿಯೇ. ಕಾಲೇಜು ಬಿಟ್ಟ ಮೇಲೆ ಸಂಜೆಯ ಹೊತ್ತು ಅಂಥದೊಂದು ಅಂಗಡಿಯಲ್ಲಿ ಕನ್ನಡ ಟೈಪಿಂಗ್ ಮಾಡಿ ನಾನು ನನ್ನ ಪುಸ್ತಕದ ಖರ್ಚನ್ನು ನೀಗಿಸಿಕೊಳ್ಳುತ್ತಿದ್ದೇನೆ. ಅಲ್ಲಿದ್ದುದು ಒಂದೇ ಗಣಕಯಂತ್ರ, 2016ರಲ್ಲಿ ಕೊಂಡದ್ದು. ಅದರಲ್ಲಿದ್ದುದು ವಿಂಡೋಸ್ 10.

2025ರ ಅಕ್ಟೋಬರ್ ತಿಂಗಳಲ್ಲಿ ಅದರ ಪರದೆಯ ಮೇಲೆ, ಈ ಆವೃತ್ತಿಗೆ ಇನ್ನು ಬೆಂಬಲವಿಲ್ಲವೆಂಬ ಸೂಚನೆ ಕಾಣಿಸಿಕೊಂಡಿತು. ಅಂಗಡಿಯ ಯಜಮಾನರು ಅದನ್ನು ನನ್ನಿಂದ ಓದಿಸಿ, "ಏನಪ್ಪಾ, ಮಿಷನ್ನು ಚೆನ್ನಾಗೇ ಓಡ್ತಾ ಇದೆ. ಮತ್ಯಾಕೆ ಹೊಸದು ಹಾಕು ಅಂತಾರೆ? ದುಡ್ಡು ಹಾಕ್ಬೇಕೋ ಬೇಡ್ವೋ, ಓದೋ ಹುಡುಗ ನೀನೇ ಹೇಳು" ಎಂದರು. ಆ ಪ್ರಶ್ನೆಗೆ ನಾನು ಮೊದಲು ಕೊಟ್ಟ ಉತ್ತರ ತಪ್ಪಾಗಿತ್ತು. ಆ ತಪ್ಪಿನಿಂದ ಕಲಿತುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ವಿಜ್ಞಾನದ ವಿದ್ಯಾರ್ಥಿಯಲ್ಲದ ನನ್ನಿಂದ ನ್ಯೂನತೆಗಳಾಗಿದ್ದರೆ ವಾಚಕರು ಮನ್ನಿಸಬೇಕು.

ಮೊದಲಿಗೆ, ಆಪರೇಟಿಂಗ್ ಸಿಸ್ಟಂ ಎಂದರೇನು? ಅದನ್ನು ವಿದ್ಯಾರ್ಥಿನಿಲಯದ ವಾರ್ಡನ್ನರಿಗೆ ಹೋಲಿಸಬಹುದು. ಯಾರಿಗೆ ಯಾವ ಕೊಠಡಿ, ನಲ್ಲಿಯ ಮುಂದೆ ಯಾರ ಸರದಿ, ಬೀಗದ ಕೈ ಯಾರ ಬಳಿ ಎಂಬುದನ್ನೆಲ್ಲ ಅವರು ನಿರ್ಧರಿಸುವಂತೆ, ಗಣಕದ ಸ್ಮೃತಿಯಲ್ಲಿ ಯಾವ ಕೆಲಸಕ್ಕೆ ಎಷ್ಟು ಜಾಗ, ಯಾವುದು ಮೊದಲು, ಯಾವ ಕಡತವನ್ನು ಯಾರು ತೆರೆಯಬಹುದು ಎಂಬುದನ್ನೆಲ್ಲ ಈ ವ್ಯವಸ್ಥೆ ನಿರ್ಧರಿಸುತ್ತದೆ. ನಾವು ಬಳಸುವ ಇತರ ತಂತ್ರಾಂಶಗಳೆಲ್ಲ ಇದರ ಆಶ್ರಯದಲ್ಲಿಯೇ ನಡೆಯತಕ್ಕವು.

ಇದಕ್ಕೆ ಆಗಾಗ ಬರುವ ಬದಲಾವಣೆಗಳು ಎರಡು ಬಗೆ. ಒಂದು, ದುರಸ್ತಿ; ಇನ್ನೊಂದು, ಹೊಸ ಆವೃತ್ತಿ. ಪಠ್ಯಪುಸ್ತಕಕ್ಕೆ ತಪ್ಪೊಪ್ಪೋಲೆ ಅಂಟಿಸುವುದಕ್ಕೂ ಹೊಸ ಪಠ್ಯಪುಸ್ತಕವನ್ನೇ ಕೊಳ್ಳುವುದಕ್ಕೂ ಇರುವ ಭೇದ ಇಲ್ಲಿಯೂ ಉಂಟು. ದುರಸ್ತಿ ಸಾಮಾನ್ಯವಾಗಿ ಉಚಿತ. ಹೊಸ ಆವೃತ್ತಿಗೆ ಬಹುಕಾಲ ಬೆಲೆಯಿತ್ತು. ದುರಸ್ತಿ ಅಲಂಕಾರದ ಮಾತಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಸುಮಾರು 150 ದೇಶಗಳ ಗಣಕಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ಕಿಂಡಿಗೆ ದುರಸ್ತಿ ಮಾರ್ಚಿಯಲ್ಲಿಯೇ ಬಂದಿತ್ತು. ಪೆಟ್ಟು ತಿಂದವರು ಅದನ್ನು ಹಾಕಿಕೊಳ್ಳದೆ ಇದ್ದವರು. ಬೆಂಬಲ ನಿಂತಿತೆಂದರೆ ಯಂತ್ರ ನಿಂತಿತೆಂದಲ್ಲ, ಇಂಥ ದುರಸ್ತಿ ನಿಂತಿತೆಂದು ಅರ್ಥ. ಪಠ್ಯಕ್ರಮ ಬದಲಾದ ಮೇಲೆ ಹಳೆಯ ಪುಸ್ತಕ ಓದಲು ಬಂದರೂ ಪರೀಕ್ಷೆಗೆ ಬಾರದಂತೆ, ಇತರ ತಂತ್ರಾಂಶಗಳೂ ಕ್ರಮೇಣ ಹಳೆಯ ಆವೃತ್ತಿಯನ್ನು ಕೈಬಿಡುತ್ತವೆ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ಮುಗಿಯಿತು. 2023ರಲ್ಲಿ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳೂ ಅದಕ್ಕೆ ನಿಂತುಹೋದವು.

ಇನ್ನು ಬೆಲೆಯ ವಿಚಾರ. ಇಲ್ಲಿ ನಾವು ಪೆಟ್ಟಿಗೆಯ ಮೇಲಿನ ಅಂಕಿಯನ್ನು ಮಾತ್ರ ನೋಡಿ ಮೋಸಹೋಗುತ್ತೇವೆ. ವಿಂಡೋಸ್ ಎಕ್ಸ್‌ಪಿ 2001ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದಾಗ ಗೃಹ ಆವೃತ್ತಿಯ ಪೂರ್ಣ ಬೆಲೆ ಅಮೆರಿಕದಲ್ಲಿ 199 ಡಾಲರ್, ಹಳೆಯ ಆವೃತ್ತಿ ಇದ್ದವರಿಗೆ 99 ಡಾಲರ್. ಅದಕ್ಕೆ 2014ರ ಏಪ್ರಿಲ್ 8ರ ವರೆಗೆ ದುರಸ್ತಿ ದೊರೆಯಿತು. ಹನ್ನೆರಡೂವರೆ ವರ್ಷಕ್ಕೆ ಹಂಚಿದರೆ ಪೂರ್ಣ ಬೆಲೆಯೂ ವರ್ಷಕ್ಕೆ ಸುಮಾರು 16 ಡಾಲರ್ ಆಯಿತು. ಅದೇ ಕಾಲದಲ್ಲಿ ಆಪಲ್ ಕಂಪನಿಯ ಮ್ಯಾಕ್ ಓಎಸ್ ಟೆನ್ 129 ಡಾಲರಿಗೆ ದೊರೆಯುತ್ತಿತ್ತು, ನೋಡಲು ಅಗ್ಗ. ಆದರೆ 2001ರ ಮಾರ್ಚ್, 2002, 2003, 2005 ಮತ್ತು 2007ರಲ್ಲಿ ಒಂದೊಂದು ಹೊಸ ಆವೃತ್ತಿ ಇದೇ ಬೆಲೆಗೆ ಬಂದಿತು. ಐದನ್ನೂ ಕೊಂಡವನು ತೆತ್ತದ್ದು 645 ಡಾಲರ್. 2009ರ ಆಗಸ್ಟಿನಲ್ಲಿ ಮುಂದಿನದು ಬರುವ ತನಕ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 77 ಡಾಲರ್. ಬೆಲೆಗಿಂತ ಅದು ಎಷ್ಟು ಬೇಗ ಮರುಕಳಿಸುತ್ತದೆ ಎಂಬುದೇ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಅನಂತರ ಗಾಳಿ ಬೇರೆ ದಿಕ್ಕಿಗೆ ತಿರುಗಿತು. ಆಪಲ್ ತನ್ನ ಬೆಲೆಯನ್ನು 2009ರಲ್ಲಿ 29 ಡಾಲರಿಗೆ, 2012ರಲ್ಲಿ 20 ಡಾಲರಿಗೆ ಇಳಿಸಿ, 2013ರಲ್ಲಿ ಪೂರ್ತಿ ಉಚಿತ ಮಾಡಿತು. 2015ರ ಜುಲೈ 29ರಂದು ಬಂದ ವಿಂಡೋಸ್ 10, ಹಿಂದಿನ ಎರಡು ಆವೃತ್ತಿಗಳವರಿಗೆ ಒಂದು ವರ್ಷ ಉಚಿತವಾಗಿ ದೊರೆಯಿತು. 2021ರ ವಿಂಡೋಸ್ 11 ಕೂಡ ಹತ್ತು ಇದ್ದವರಿಗೆ ಉಚಿತವೇ. ಹಾಗಾದರೆ ಖರ್ಚು ಮಾಯವಾಯಿತೆ? ಇಲ್ಲ, ಸ್ಥಳ ಬದಲಾಯಿಸಿತು, ಅಷ್ಟೆ. ಹನ್ನೊಂದನೆಯ ಆವೃತ್ತಿಗೆ ಟಿಪಿಎಂ 2.0 ಎಂಬ ಭದ್ರತಾ ಸಾಧನವೂ ಪಟ್ಟಿಯಲ್ಲಿರುವ ಪ್ರೊಸೆಸರೂ ಬೇಕೆಂಬ ನಿಯಮವಾಯಿತು. 2017ಕ್ಕಿಂತ ಹಿಂದಿನ ಬಹುತೇಕ ಯಂತ್ರಗಳು ಆ ಪಂಕ್ತಿಯಲ್ಲಿ ಕೂರುವಂತಿಲ್ಲ. ಊಟ ಪುಕ್ಕಟೆ, ಆದರೆ ಎಲೆ ಹೊಸದು ತರಬೇಕು! ಹಳೆಯ ಯಂತ್ರದಲ್ಲಿಯೇ ಇರಬಯಸುವ ಸಂಸ್ಥೆಗಳಿಗೆ ವಿಂಡೋಸ್ 10ರ ಹೆಚ್ಚುವರಿ ದುರಸ್ತಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಎರಡನೆಯ ವರ್ಷ 122, ಮೂರನೆಯ ವರ್ಷ 244 ಎಂದು ಗೊತ್ತುಮಾಡಲಾಯಿತು. ಒಟ್ಟು 427 ಡಾಲರ್! ಹತ್ತು ವರ್ಷ ದುಡಿದ ಯಂತ್ರಕ್ಕೆ ಇಷ್ಟನ್ನು ತೆರುವುದು ಮೂಗಿಗಿಂತ ಮೂಗುತಿ ಭಾರವೆಂಬಂತಾಗುತ್ತದೆ.

ಹಾಗೆಂದು ಹೊಸ ಆವೃತ್ತಿಯೆಲ್ಲ ವ್ಯಾಪಾರದ ತಂತ್ರವೆನ್ನುವುದು ನ್ಯಾಯವಲ್ಲ. ನಮ್ಮ ಕನ್ನಡವೇ ಇದಕ್ಕೆ ಸಾಕ್ಷಿ. ವಿಂಡೋಸ್ 95, 98ರ ಕಾಲದಲ್ಲಿ ಒಂದೊಂದು ಕನ್ನಡ ತಂತ್ರಾಂಶಕ್ಕೂ ಅದರದೇ ಅಕ್ಷರ ಸಂಕೇತ. ಒಂದರಲ್ಲಿ ಬರೆದ ಪತ್ರ ಇನ್ನೊಂದರಲ್ಲಿ ಅರ್ಥವಿಲ್ಲದ ಗೀಚಾಗಿ ಕಾಣುತ್ತಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಏಕರೂಪದ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಅದನ್ನು ಅರಿತು ತೋರಿಸುವ ವ್ಯವಸ್ಥೆ ಬೇಕಿತ್ತು. ಎಕ್ಸ್‌ಪಿಯೊಡನೆ ತುಂಗಾ ಎಂಬ ಕನ್ನಡ ಅಕ್ಷರಮಾದರಿಯೂ ಬಂದಿತು. ಆ ಬದಲಾವಣೆಗೆ ತೆತ್ತ ಹಣ ವ್ಯರ್ಥವಾಯಿತೆಂದು ಯಾವ ಕನ್ನಡಿಗನೂ ಹೇಳಲಾರ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಯಜಮಾನರಿಗೆ ನಾನು, "ಅಣ್ಣಾ, ಒಂದು ಕಾಸೂ ಬೇಡ, ಲಿನಕ್ಸ್ ಹಾಕೋಣ" ಎಂದೆ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿ, ಸಾವಿರಾರು ಜನ ಬೆಳೆಸಿದ ಮುಕ್ತ ವ್ಯವಸ್ಥೆಯಿದು. ಇದರ ಬಗೆಗಳಲ್ಲಿ ಒಂದಾದ ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಪ್ರತಿಯೊಂದಕ್ಕೂ ಐದು ವರ್ಷ ಉಚಿತ ದುರಸ್ತಿಯುಂಟು. ನನ್ನ ಮಾತೇನೋ ನಿಜ, ಆದರೆ ಅರ್ಧ ನಿಜ. ಒಂದು ಭಾನುವಾರ ಅಂಥದೊಂದು ವ್ಯವಸ್ಥೆಯನ್ನು ಅವಸರದಿಂದ ಹಾಕಿದೆ. ಸೋಮವಾರ ಬೆಳಗ್ಗೆ ಹಳೆಯ ಕರೆಯೋಲೆಗಳ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ. ಅವು ಹಳೆಯ ಸಂಕೇತದವು. ಹೆಬ್ಬೆಟ್ಟಿನ ಗುರುತು ಓದುವ ಉಪಕರಣವೂ ಮಾತಾಡಲಿಲ್ಲ. ವಿದ್ಯಾರ್ಥಿವೇತನದ ಕೊನೆಯ ದಿನ ಹತ್ತಿರವಿದ್ದ ಕಾಲ. ಎರಡು ದಿನ, ನಮ್ಮ ಕಾಲೇಜಿನವರೇ ಅನೇಕರು ಅರ್ಜಿ ಹಿಡಿದು ಬಂದು ಹಿಂದಿರುಗಿ, ತುಮಕೂರಿನ ಪೇಟೆಗೆ ಹೋಗಬೇಕಾಯಿತು. ಯಜಮಾನರು ಗದರಲಿಲ್ಲ. "ದುಡ್ಡೇನೋ ಉಳೀತು ಕಣಪ್ಪಾ, ಗಿರಾಕಿ ಉಳೀಲಿಲ್ಲ" ಎಂದರು. ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಮೂರನೆಯ ದಿನ ಹಳೆಯದನ್ನೇ ಮರಳಿ ಹಾಕಿ, ಕಾಗದ ಪೆನ್ಸಿಲು ಹಿಡಿದು ಇಬ್ಬರೂ ಲೆಕ್ಕಕ್ಕೆ ಕುಳಿತೆವು. ಡಿಸೆಂಬರಿನಲ್ಲಿ ಯಜಮಾನರು ಚೀಟಿ ಎತ್ತಿ ಹೊಸ ಯಂತ್ರವೊಂದನ್ನು ತಂದರು. ವಿಂಡೋಸ್ 11ರ ಬೆಲೆ ಯಂತ್ರದ ಬೆಲೆಯಲ್ಲಿಯೇ ಸೇರಿತ್ತು. ಅರ್ಜಿಗಳೂ ಹೆಬ್ಬೆಟ್ಟಿನ ಉಪಕರಣವೂ ಅದರ ಪಾಲಾದವು. ಅದಾದ ಒಂದು ತಿಂಗಳು ನಾನು ಹಳೆಯ ಕಡತಗಳನ್ನು ಪರಿವರ್ತಕದ ಸಹಾಯದಿಂದ ಯೂನಿಕೋಡಿಗೆ ತಂದು, ಒಂದೊಂದನ್ನೂ ತಿದ್ದಿದೆ. ಆಮೇಲೆ 2016ರ ಯಂತ್ರಕ್ಕೆ ಮುಕ್ತ ವ್ಯವಸ್ಥೆ ಹಾಕಿದೆವು. ಈಗ ಅದು ಟೈಪಿಂಗ್ ಕೆಲಸಕ್ಕೆ ಚೆನ್ನಾಗಿ ದುಡಿಯುತ್ತಿದೆ. ಈ ಲೇಖನ ಸಿದ್ಧವಾದುದೂ ಅದರಲ್ಲಿಯೇ.

ಹೊಸ ಆವೃತ್ತಿಯ ಕರೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಬೇಕೆಂದು ನನ್ನ ಅನುಭವ ಹೇಳುತ್ತದೆ. ಇದಕ್ಕೆ ದುರಸ್ತಿ ಎಷ್ಟು ವರ್ಷ ಬರುತ್ತದೆ, ವರ್ಷಕ್ಕೆ ಬೀಳುವ ಬೆಲೆ ಎಷ್ಟು? ನಮ್ಮ ಯಂತ್ರ ಇದನ್ನು ಹೊರಬಲ್ಲದೆ? ನಮ್ಮ ಕಡತಗಳೂ ಉಪಕರಣಗಳೂ ಇದರೊಡನೆ ಬರುತ್ತವೆಯೆ? ಮೊದಲ ಎರಡರ ಉತ್ತರ ಕಂಪನಿಯ ಪ್ರಕಟಣೆಯಲ್ಲಿ ಸಿಗುತ್ತದೆ. ಮೂರನೆಯದರ ಉತ್ತರವನ್ನು ಮಾತ್ರ ನಾವೇ ಹುಡುಕಿಕೊಳ್ಳಬೇಕು, ಅದೂ ಭಾನುವಾರಕ್ಕೆ ಮುಂಚೆ.