ಕೈಯಾಗ ಕೊಟ್ಟ ರೊಟ್ಟಿ

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಮನೆಗೆ ಬಂದವರನ್ನು ಮೊದಲು ಕೇಳುವ ಮಾತು 'ಊಟ ಆತೇನ್ರಿ?' ಎಂಬುದು. ಈ ಮಾತಿನ ಪ್ರೀತಿ ದೊಡ್ಡದು, ನಿಜ. ಆದರೆ ಕೇಳಿದವರು ಎಲ್ಲಿ ಕೂಡ್ರಿಸುತ್ತಾರೆ, ಯಾವ ತಾಟಿನಲ್ಲಿ, ಎಷ್ಟು ಎತ್ತರದಿಂದ ನೀಡುತ್ತಾರೆ ಎಂಬಲ್ಲಿ ಜಾತಿ ಕೂತಿರುತ್ತದೆ. ನಮ್ಮವ್ವ ಮುಧೋಳದ ಕಡೆ ಕಬ್ಬಿನ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಾಗ ಹೊಲದ ಒಡೆಯರ ಮನೆಯಲ್ಲಿ ರೊಟ್ಟಿಯನ್ನು ಮೇಲಿಂದ ಅವಳ ಸೆರಗಿಗೆ ಒಗೆಯುತ್ತಿದ್ದರು. ಚಹಾದ ಬಟ್ಟಲು ದನದ ಕೊಟ್ಟಿಗೆಯ ಗ್ವಾಡಿಯ ಮಾಡದಲ್ಲಿ ಇರುತ್ತಿತ್ತು. ತಾನೇ ತೊಳೆದು ತಾನೇ ಅಲ್ಲಿಡಬೇಕು.

ಬನಹಟ್ಟಿಯಲ್ಲಿ ಕಂಡಿಕೆ ಸುತ್ತುವ ನನ್ನ ಸಣ್ಣವ್ವ ಕ್ರೈಸ್ತರ ಮನೆಗೆ ನಡೆದವಳು. 'ಚರ್ಚಿನ್ಯಾಗ ಏನ್ ಕೊಡ್ತಾರ ಸಣ್ಣವ್ವಾ?' ಎಂದು ಒಮ್ಮೆ ಚೇಷ್ಟೆಗೆ ಕೇಳಿದ್ದೆ. ಅವಳು ಸಿಟ್ಟಾಗಲಿಲ್ಲ. 'ತಟಕ ರೊಟ್ಟಿ ಕೊಡ್ತಾರಪಾ. ಹೊಟ್ಟಿ ತುಂಬೂದಿಲ್ಲ. ಆದ್ರ ಕೈಯಾಗ ಕೊಡ್ತಾರ, ಮ್ಯಾಲಿಂದ ಒಗಿಯೂದಿಲ್ಲ' ಅಂದಳು. ನಾನು ಕ್ರೈಸ್ತನಲ್ಲ, ಯಾರನ್ನೂ ಆ ಧರ್ಮಕ್ಕೆ ಕರೆಯುವುದು ಈ ಬರಹದ ಉದ್ದೇಶವೂ ಅಲ್ಲ. ಸಣ್ಣವ್ವನ ಆ ಮಾತನ್ನು ಬಿಡಿಸಿ ನೋಡುವುದಷ್ಟೇ ನನ್ನ ಕೆಲಸ.

ಪ್ರಾಟೆಸ್ಟಂಟರು ಇದನ್ನು ಕರ್ತನ ರಾತ್ರಿಭೋಜನ ಎನ್ನುತ್ತಾರೆ, ಕ್ಯಾಥೊಲಿಕರು ಪರಮಪ್ರಸಾದ ಎನ್ನುತ್ತಾರೆ. ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯರ ಜೊತೆ ಕೂತು ರೊಟ್ಟಿ ಮುರಿದು ಹಂಚಿದ, ಒಂದೇ ಬಟ್ಟಲಿನಿಂದ ಎಲ್ಲರಿಗೂ ದ್ರಾಕ್ಷಾರಸ ಕೊಟ್ಟ, ತನ್ನ ನೆನಪಿಗೆ ಹೀಗೆ ಮಾಡಿರಿ ಎಂದ. ಆ ಪಂಕ್ತಿಯಲ್ಲಿ ಅವನನ್ನು ಹಿಡಿದುಕೊಡಲಿದ್ದ ಯೂದನಿದ್ದ, ಗೊತ್ತೇ ಇಲ್ಲ ಎನ್ನಲಿದ್ದ ಪೇತ್ರನೂ ಇದ್ದ. ಅದು ಪಸ್ಕ ಹಬ್ಬದ ಕಾಲ. ಪಸ್ಕವೆಂದರೆ ಯೆಹೂದ್ಯರು ಐಗುಪ್ತದ ಗುಲಾಮಗಿರಿಯಿಂದ ಬಿಡುಗಡೆಯಾದದ್ದರ ನೆನಪು. ಅದರಲ್ಲಿ ತಿನ್ನುವುದು ಹುಳಿ ಹಾಕದ ರೊಟ್ಟಿ. ಅಂದರೆ ಈ ಊಟದ ಬೇರಿನಲ್ಲೇ ಗುಲಾಮರ ನೆನಪಿದೆ. ಕನ್ನಡ ಬೈಬಲ್ ಇದಕ್ಕೆ ರೊಟ್ಟಿ ಎಂಬ ಪದವನ್ನೇ ಬಳಸಿದೆ. ನಮ್ಮ ಜೋಳದ ರೊಟ್ಟಿಗೂ ಹುಳಿ ಇಲ್ಲ. ಹೀಗಾಗಿ ಸಣ್ಣವ್ವನಿಗೆ ಅದು ಪರದೇಶದ ತಿನಿಸು ಎನಿಸಿರಲಿಕ್ಕಿಲ್ಲ.

ಇನ್ನೊಂದು ಮಾತಿದೆ. ಕಡೆಯ ರಾತ್ರಿಯ ಊಟವನ್ನು ಅದಕ್ಕೂ ಹಿಂದಿನ ಊಟಗಳಿಂದ ಕಡಿದು ನೋಡಬಾರದು. ಯೇಸು ಸುಂಕದವನಾದ ಲೇವಿಯ ಮನೆಯಲ್ಲಿ ಉಂಡ. ಜಕ್ಕಾಯನಿಗೆ, ಇವತ್ತು ನಿನ್ನ ಮನೆಗೇ ಬರುತ್ತೇನೆ ಎಂದ. ಬಾವಿಯ ಬಳಿ ಸಮಾರ್ಯದ ಹೆಂಗಸನ್ನು ಕುಡಿಯಲು ನೀರು ಕೇಳಿದ. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳುತ್ತಿರಲಿಲ್ಲ. ಆ ಹೆಂಗಸಿಗೇ ಆಶ್ಚರ್ಯವಾಯಿತು. ಮಡಿವಂತರ ತಕರಾರು ಅವನ ಬೋಧನೆಯ ಮೇಲಷ್ಟೇ ಅಲ್ಲ, ಅವನ ಪಂಕ್ತಿಯ ಮೇಲೂ ಇತ್ತು. ಯಾರ ಜೊತೆ ಉಣ್ಣುತ್ತಾನೆ ನೋಡಿ ಎಂದರು, ಹೊಟ್ಟೆಬಾಕ ಎಂದರು. ನಮಗೆ ಇದು ಹೊಸದಲ್ಲ. ಶಿವನಾಗಮಯ್ಯನ ಮನೆಯಲ್ಲಿ ಬಸವಣ್ಣ ಪ್ರಸಾದ ಕೊಂಡನೆಂದು ಬಿಜ್ಜಳನಿಗೆ ದೂರು ಹೋದ ಕಥೆಯನ್ನು ಕೇಳಿ ಬೆಳೆದವರು ನಾವು.

ಹಾಗಾದರೆ ಆ ಪಂಕ್ತಿ ಮುಂದೆ ಸಮವಾಗಿಯೇ ಉಳಿಯಿತೇ? ಇಲ್ಲ. ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಉಣ್ಣುತ್ತಿದ್ದ ಪೇತ್ರ, ತನ್ನವರು ಬಂದೊಡನೆ ಎದ್ದು ಹೋದ. ಪೌಲ ಅವನನ್ನು ಮುಖಕ್ಕೆ ಮುಖ ಕೊಟ್ಟು ಖಂಡಿಸಿದ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಅಮಲೇರಿ ಕೂತಿರುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ನೀವು ಮಾಡುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಬರೆದ. ನಮ್ಮ ನೆಲಕ್ಕೆ ಬಂದಮೇಲೆ ಜಾತಿ ಇದರೊಳಗೂ ಹೊಕ್ಕಿತು. ತಮಿಳು ಸೀಮೆಯ ಹಳೆಯ ಸಭೆಗಳಲ್ಲಿ ಜಾತಿಗೊಂದು ಕೂಡ್ರುವ ಜಾಗವಿತ್ತು, ರೊಟ್ಟಿ ಪಡೆಯುವುದಕ್ಕೂ ಸರದಿಯಿತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಇದನ್ನು ಪೂರ್ತಿ ಬಿಡಬೇಕೆಂದು ಬರೆದಾಗ ಮೇಲ್ಜಾತಿಯ ಅನೇಕರು ಸಭೆಯನ್ನೇ ಬಿಟ್ಟರು. 1834ರಲ್ಲಿ ಮಂಗಳೂರಿಗೆ ಬಂದು, ಧಾರವಾಡ, ಹುಬ್ಬಳ್ಳಿ, ಬೆಟಗೇರಿ ದಾಟಿ 1851ರಲ್ಲಿ ನಮ್ಮ ಪಕ್ಕದ ಗುಳೇದಗುಡ್ಡ ಮುಟ್ಟಿದ ಬಾಸೆಲ್ ಮಿಶನ್ ಜಾತಿಯ ವಿಷಯದಲ್ಲಿ ಬಿಗಿ ನಿಲುವು ತಳೆದಿತ್ತು. ಆದರೂ ನಿಲುವಿನಿಂದ ಜಾತಿ ಸಾಯುವುದಿಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರದ ಚರ್ಚೆ ಶುರುವಾದದ್ದು ಈ ಗಾಯದಿಂದಲೇ.

ಇಲ್ಲಿ ಬಾಬಾಸಾಹೇಬರನ್ನು ಕೇಳಲೇಬೇಕು. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಪುಲಯರ ಜೊತೆ ಸಹಪಂಕ್ತಿ ಭೋಜನ ಮಾಡಿಸಿ 'ಪುಲಯನ್ ಅಯ್ಯಪ್ಪನ್' ಎಂಬ ಬೈಗುಳ ಹೊತ್ತರು. ಆದರೆ 1936ರ 'ಜಾತಿವಿನಾಶ'ದಲ್ಲಿ ಅಂಬೇಡ್ಕರ್, ಸಹಭೋಜನವೊಂದರಿಂದ ಜಾತಿ ಹೋಗದು, ಅಂತರ್ಜಾತಿ ಮದುವೆಯಾಗಬೇಕು, ಜಾತಿಗೆ ಪಾವಿತ್ರ್ಯ ಕೊಟ್ಟ ಶಾಸ್ತ್ರದ ನಂಬಿಕೆಯೇ ಒಡೆಯಬೇಕು ಎಂದರು. ಒಂದು ದಿನ ಕೂಡಿ ಉಂಡು ಮರುದಿನ ಹೆಣ್ಣು-ಗಂಡಿನ ಮಾತು ಬಂದಾಗ ಬಾಗಿಲು ಹಾಕುವವರನ್ನು ನಾವು ದಿನಾ ನೋಡುತ್ತೇವೆ. ಸರಕಾರದ ಕಾಗದದಲ್ಲೂ ಲೆಕ್ಕ ಬೇರೆ. 1950ರ ರಾಷ್ಟ್ರಪತಿ ಆದೇಶದ ಪಟ್ಟಿಗೆ 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಓಣಿ ಅವರನ್ನು ದಲಿತರೆಂದೇ ಕಾಣುತ್ತದೆ, ಕಾಗದ ಅಲ್ಲವೆನ್ನುತ್ತದೆ.

ಇಷ್ಟು ಬರೆದು ನಿಲ್ಲಿಸಿದರೆ ನನ್ನ ಮನೆಯ ಮಾತು ಮುಚ್ಚಿಟ್ಟಂತೆ. ನಾವು ಚಲವಾದಿಗಳು. ಸಣ್ಣವ್ವನ ಗಂಡನ ಹಿರೀಕರು ಮಾದರ ಓಣಿಯಿಂದ ಕ್ರೈಸ್ತರಾದವರು. ಅವಳು ಅವರನ್ನು ಮೆಚ್ಚಿ ಮದುವೆಯಾದಾಗ ನಮ್ಮ ಮನೆಯಲ್ಲಿ ಎದ್ದ ಗದ್ದಲ ಯೇಸುವಿನದಲ್ಲ, ಮಾದರದು. ನನ್ನನ್ನು ಬನಹಟ್ಟಿಗೆ ಕಳಿಸುವಾಗ ಅಜ್ಜಿ, 'ಮಾತಾಡ್ಸಿ ಬಾ, ಅಲ್ಲಿ ನೀರ್ ಮುಟ್ಟಬ್ಯಾಡ' ಎನ್ನುತ್ತಿದ್ದಳು. ನಾನೂ ಹೊಟ್ಟೆ ತುಂಬೇತಿ ಎಂದು ಸುಳ್ಳು ಹೇಳಿ, ಹಸಿದು ತಿರುಗಿ ಬರುತ್ತಿದ್ದೆ. ಸಣ್ಣವ್ವ ಬಡಿದಿಟ್ಟ ರೊಟ್ಟಿಗೆ ಮತ್ತೆ ಅರಿವೆ ಮುಚ್ಚುತ್ತಿದ್ದಳು. ಹೊಲದೊಡೆಯರು ನಮ್ಮವ್ವನಿಗೆ ಮಾಡಿದ್ದನ್ನು ನಾವು ಅವಳಿಗೆ ಮಾಡಿದೆವು.

ದಲಿತ ವಿಮರ್ಶೆ ಮೇಲಿನವರ ಅಡುಗೆಮನೆಯನ್ನು ಓದಿದಷ್ಟೇ ನಿಷ್ಠುರವಾಗಿ ನಮ್ಮ ಓಣಿಗಳ ನಡುವಿನ ಗೋಡೆಯನ್ನೂ ಓದಬೇಕು. ನನ್ನ ಮಟ್ಟಿಗೆ ಯೇಸುವಿನ ಜೊತೆ ಉಣ್ಣುವುದೆಂದರೆ ಇಷ್ಟೇ: ಅವನು ಕರೆದವರನ್ನೆಲ್ಲ ಪಕ್ಕದಲ್ಲಿ ಕೂಡ್ರಿಸಿಕೊಳ್ಳದೆ ಅವನೊಬ್ಬನ ಜೊತೆ ಉಣ್ಣಲಾಗದು. ಇದನ್ನು ಒಪ್ಪಲು ಕ್ರೈಸ್ತರೇ ಆಗಬೇಕಿಲ್ಲ.

ಅಜ್ಜಿ ಈಗಿಲ್ಲ. ಹೋದ ವರ್ಷ ಅವ್ವನನ್ನು ಕರೆದುಕೊಂಡು ಬನಹಟ್ಟಿಗೆ ಹೋಗಿದ್ದೆ. ಅಕ್ಕತಂಗಿಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸಣ್ಣವ್ವ ತಾಟು ತಂದಳು. ಅವ್ವ ತಾಟು ಸರಿಸಿ ಕೈ ಚಾಚಿದಳು. 'ಕೈಯಾಗ ಕೊಡ' ಅಂದಳು.